ರೀಲ್ ಕ್ಯಾಮೆರಾ ಕೈಕೊಟ್ಟರೆ: ಕರಾವಳಿಯ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಆಯುಧ ಪೂಜೆಯ ಹಿಂದಿನ ದಿನ ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ಕಪಾಟಿನ ಮೇಲಿನ ಅರೆಯಿಂದ ಒಂದು ಹಳೆ ಕ್ಯಾಮೆರಾ ಕೆಳಗಿಳಿಯುತ್ತದೆ. ಚರ್ಮದ ಕವಚದ ಮೇಲೆ ಬಿಳಿ ಬೂಷ್ಟು. ಒಳಗೆ ಅಜ್ಜನ ಆಗ್ಫಾ ಕ್ಲಿಕ್ 3, ಅಪ್ಪನ ಯಾಶಿಕಾ, ಇಲ್ಲವೇ ಗಲ್ಫಿನಿಂದ ಬರುವಾಗ ಮಾವ ತಂದ ಕ್ಯಾನನ್. ಒರೆಸಿ, ಹೂ ಇಟ್ಟು, ಪೂಜೆ ಮುಗಿದ ಮೇಲೆ ಯಾರಾದರೂ ಒಬ್ಬರು ಬಟನ್ ಒತ್ತಿ ನೋಡುತ್ತಾರೆ. ಕ್ಲಿಕ್ ಆಗುವುದಿಲ್ಲ. ಹಾಳಾಗಿದೆ ಅಂತ ಹೇಳಿ ಮತ್ತೆ ಮೇಲೆ ಇಡುತ್ತಾರೆ.

ನನ್ನ ಕೈಗೆ ಬಂದ ಇಂಥ ಕ್ಯಾಮೆರಾಗಳಲ್ಲಿ ನಿಜವಾಗಿ ಮುರಿದದ್ದು ಕಡಿಮೆ. ಸೆಲ್ ಸತ್ತಿರುತ್ತದೆ, ಗ್ರೀಸ್ ಗಟ್ಟಿಯಾಗಿರುತ್ತದೆ, ಸ್ಪಂಜು ಕರಗಿರುತ್ತದೆ, ಲೆನ್ಸಿಗೆ ತೇವ ಹಿಡಿದಿರುತ್ತದೆ. ನಮ್ಮ ಕಡೆ ಕ್ಯಾಮೆರಾ ಬಿದ್ದು ಕೆಡುವುದಕ್ಕಿಂತ ಕೂತು ಕೆಡುವುದೇ ಜಾಸ್ತಿ. ಹಾಗಾಗಿ ಸ್ಕ್ರೂಡ್ರೈವರ್ ಹುಡುಕುವ ಮೊದಲು ಲಕ್ಷಣ ನೋಡಿ.

ಅದಕ್ಕೂ ಮೊದಲು ಒಂದು ಮಾತು. ಹಿಂಬಾಗಿಲನ್ನು ಕೂಡಲೇ ತೆರೆಯಬೇಡಿ. ರೀಲು ಸುತ್ತುವ ಗುಬ್ಬಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲ ತಿರುಗಿಸಿ. ಸಡಿಲವಾಗಿ ತಿರುಗುತ್ತಲೇ ಇದ್ದರೆ ಒಳಗೆ ರೀಲಿಲ್ಲ. ಸ್ವಲ್ಪ ತಿರುಗಿ ಬಿಗಿಯಾಗಿ ನಿಂತರೆ ರೀಲಿದೆ ಎಂದೇ ತಿಳಿಯಿರಿ. ಹಳೆಯ ಕಪ್ಪು-ಬಿಳುಪು ರೀಲಿನಲ್ಲಿ ದಶಕಗಳ ನಂತರವೂ ಚಿತ್ರ ಉಳಿದಿರುತ್ತದೆ. ಈಗ ಇಲ್ಲದ ಯಾರದೋ ಮುಖ ಅದರಲ್ಲಿರಬಹುದು. ಬಾಗಿಲು ತೆರೆದ ಒಂದು ಕ್ಷಣಕ್ಕೆ ಅದು ಹೋಗಿಬಿಡುತ್ತದೆ. ಮೊದಲು ಅಡಿಯ ಸಣ್ಣ ಬಟನ್ ಒತ್ತಿ ರೀಲನ್ನು ಹಿಂದಕ್ಕೆ ಸುತ್ತಿ ತೆಗೆದು ಜೋಪಾನ ಮಾಡಿ, ಮಿಕ್ಕಿದ್ದು ಆಮೇಲೆ.

ಪೂಜೆಯ ಕುಂಕುಮ, ಗಂಧವನ್ನು ಕವಚಕ್ಕೋ ಪಟ್ಟಿಗೋ ಹಚ್ಚಿ. ಕುಂಕುಮದ ಪುಡಿ ಲೆನ್ಸಿನ ಬಳೆಯ ಸಂದಿಗೆ ಇಳಿದರೆ ಅಲ್ಲಿಂದ ತೆಗೆಯುವುದು ತುಂಬಾ ಕಷ್ಟ.

## ಬಟನ್ ಒತ್ತಿದರೆ ಕ್ಲಿಕ್ ಆಗುವುದಿಲ್ಲ

ರೀಲನ್ನು ಮುಂದಕ್ಕೆ ಓಡಿಸುವ ಲಿವರ್ ಪೂರ್ತಿ ಎಳೆದಿದ್ದೀರಾ ನೋಡಿ. ಅರ್ಧಕ್ಕೆ ನಿಂತ ಲಿವರ್ ಶಟರನ್ನು, ಅಂದರೆ ಫಿಲ್ಮಿಗೆ ಬೆಳಕು ಬಿಡಲು ಕ್ಷಣಕಾಲ ತೆರೆದು ಮುಚ್ಚುವ ಭಾಗವನ್ನು, ಬಿಗಿ ಮಾಡುವುದಿಲ್ಲ. ಮತ್ತೊಮ್ಮೆ ಕೊನೆಯವರೆಗೆ ಎಳೆದರೆ ಅಷ್ಟಕ್ಕೇ ಸರಿಹೋಗಬಹುದು. ನಿಕಾನ್ ಎಫ್‌ಎಂ2ರಲ್ಲಿ ಲಿವರನ್ನು ಬಾಡಿಗೆ ಒತ್ತಿ ಮಡಚಿಟ್ಟರೆ ಬಟನ್‌ಗೆ ಬೀಗ ಬೀಳುತ್ತದೆ. ಅದನ್ನು ಸ್ವಲ್ಪ ಹೊರಗೆ ತಂದರೇ ಕೆಲಸ. ಇದು ಗೊತ್ತಿಲ್ಲದೆ ಒಳ್ಳೆಯ ಕ್ಯಾಮೆರಾವನ್ನು ಕಡಿಮೆ ಬೆಲೆಗೆ ಕೊಟ್ಟವರನ್ನು ನೋಡಿ ನನಗೆ ಬೇಜಾರಾಗಿದೆ.

ಆಮೇಲೆ ಸೆಲ್. ಇಲ್ಲಿ ಕ್ಯಾಮೆರಾ ಯಾವ ಜಾತಿಯದು ಎಂದು ತಿಳಿದಿರಬೇಕು. 1976ರಲ್ಲಿ ಬಂದ ಕ್ಯಾನನ್ ಎಇ-1 ಸೆಲ್ ಇಲ್ಲದೆ ಏನೂ ಮಾಡುವುದಿಲ್ಲ. ಅದಕ್ಕೆ 4ಎಲ್‌ಆರ್44 ಎನ್ನುವ 6 ವೋಲ್ಟಿನ ಸೆಲ್ ಬೇಕು. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2ಗಳ ಶಟರ್ ಬರೀ ಸ್ಪ್ರಿಂಗಿನದು, ಸೆಲ್ ಇರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಇವು ಕ್ಲಿಕ್ ಆಗದಿದ್ದರೆ ಹೊಸ ಸೆಲ್ ಹಾಕಿ ಪ್ರಯೋಜನವಿಲ್ಲ. ಯಾಶಿಕಾ ಎಲೆಕ್ಟ್ರೋ 35 ಇನ್ನೊಂದು ಬಗೆ. ಸೆಲ್ ಇಲ್ಲದಿದ್ದರೂ ಕ್ಲಿಕ್ ಎನ್ನುತ್ತದೆ, ಆದರೆ ಯಾವಾಗಲೂ 1/500 ಸೆಕೆಂಡಿನ ಒಂದೇ ವೇಗದಲ್ಲಿ. ಸದ್ದು ಕೇಳಿತು ಎಂದು ನಂಬಿ ರೀಲು ಹಾಕಿದರೆ ಮನೆಯೊಳಗಿನ ಚಿತ್ರಗಳೆಲ್ಲ ಕತ್ತಲೆ.

ಸೆಲ್ ಹಾಕುವ ಗುಂಡಿಯನ್ನು ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿ ಅಥವಾ ಹಸಿರು ಕಿಲುಬು ಇದ್ದರೆ ಸೆಲ್ ಸೋರಿದೆ ಎಂದರ್ಥ. ಇಯರ್ ಬಡ್ಸಿಗೆ ಒಂದು ಹನಿ ವಿನೆಗರ್ ಮುಟ್ಟಿಸಿ ಒರೆಸಿ. ನೊರೆ ಬಂದು ಪುಡಿ ಬಿಡುತ್ತದೆ. ಆಮೇಲೆ ಬೇರೆ ಬಡ್ಸಿನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ಒರೆಸಿ, ಒಣಗಿದ ಮೇಲೆ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಈ ಕೆಲಸಕ್ಕೆ ಕೈಗವಸು ಹಾಕಿ, ಕಣ್ಣು ಉಜ್ಜಿಕೊಳ್ಳಬೇಡಿ. 1960-70ರ ಕ್ಯಾಮೆರಾಗಳಲ್ಲಿ ಪಾದರಸದ ಸೆಲ್ ಉಳಿದಿರಬಹುದು. ಅದನ್ನು ಚುಚ್ಚಬೇಡಿ, ಬಿಚ್ಚಬೇಡಿ, ಅಡುಗೆಮನೆಯ ಕಸಕ್ಕೆ ಹಾಕಬೇಡಿ. ಒಂದು ಡಬ್ಬಿಯಲ್ಲಿ ಮುಚ್ಚಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮಕ್ಕಳ ಕೈಗೆ ಯಾವ ಗುಂಡಿ ಸೆಲ್ಲೂ ಸಿಗಬಾರದು.

ಲೆನ್ಸಿನ ಪಕ್ಕದ ಸೆಲ್ಫ್ ಟೈಮರ್ ಕಡ್ಡಿ ಅರ್ಧಕ್ಕೆ ನಿಂತಿದ್ದರೂ ಶಟರ್ ಬೀಳುವುದಿಲ್ಲ. ಅದನ್ನು ಮೆಲ್ಲನೆ, ಬಲ ಹಾಕದೆ, ಮೂಲ ಜಾಗಕ್ಕೆ ತಳ್ಳಿ ನೋಡಿ. ಬಾರದಿದ್ದರೆ ಬಿಡಿ. ಐವತ್ತು ವರ್ಷದ ಕ್ಯಾಮೆರಾದಲ್ಲಿ ಸೆಲ್ಫ್ ಟೈಮರನ್ನು ಮುಟ್ಟದಿರುವುದೇ ಒಳ್ಳೆಯದು. ಅದರ ಪುಟ್ಟ ಹಲ್ಲಿನ ಚಕ್ರಗಳಲ್ಲಿ ಗ್ರೀಸ್ ಒಣಗಿರುತ್ತದೆ. ಒಮ್ಮೆ ಸಿಕ್ಕಿಕೊಂಡರೆ ಪೂರ್ತಿ ಶಟರನ್ನೇ ಹಿಡಿದು ನಿಲ್ಲಿಸುತ್ತದೆ.

ಸದ್ದು ಬಂತು, ಆದರೆ ಲೆನ್ಸಿನೊಳಗಿನ ಶಟರ್ ಎಲೆಗಳು ತೆರೆಯಲಿಲ್ಲವೇ? ಹಿಂಬಾಗಿಲು ತೆರೆದು, ಟ್ಯೂಬ್‌ಲೈಟ್ ಕಡೆ ಹಿಡಿದು, ಒತ್ತಿ ನೋಡಿ. ಈ ಎಲೆಗಳು ಈರುಳ್ಳಿ ಸಿಪ್ಪೆಯಷ್ಟು ತೆಳು. ಎಣ್ಣೆಯ ಒಂದು ಪದರ ಹರಡಿದರೂ ಸಾಕು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಲ್ಲಿ ಜನ ಮಾಡುವ ತಪ್ಪು ಒಂದೇ, ಮತ್ತೆ ಎಣ್ಣೆ ಬಿಡುವುದು. ಹೊಲಿಗೆ ಯಂತ್ರದ ಎಣ್ಣೆಯಾಗಲಿ, ತೆಂಗಿನೆಣ್ಣೆಯಾಗಲಿ, ಸ್ಪ್ರೇ ಎಣ್ಣೆಯಾಗಲಿ, ಶಟರ್ ಎಲೆಗೆ ಯಾವುದೂ ಬೇಡ. ಎಲೆಗಳು ಒಣಗಿಯೇ ಓಡಬೇಕು. ಇದಕ್ಕೆ ಮದ್ದು ಲೈಟರಿಗೆ ಹಾಕುವ ದ್ರವದಲ್ಲಿ ತೊಳೆಯುವುದು. ಆದರೆ ಮುಂದಿನ ಗಾಜು ಬಿಚ್ಚದೆ ಅದು ಆಗುವುದಿಲ್ಲ, ಆ ದ್ರವ ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುತ್ತದೆ. ಮೊದಲ ಸಲವಾದರೆ ಇಲ್ಲಿಗೇ ನಿಲ್ಲಿಸಿ, ಕೆಲಸ ಗೊತ್ತಿದ್ದವರಿಗೆ ಕೊಡಿ.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ (ಲೆನ್ಸಿನ ಮೂಲಕವೇ ಕನ್ನಡಿಯಿಂದ ನೋಡುವಂಥದ್ದು) ಕನ್ನಡಿ ಮೇಲೇ ನಿಂತಿದ್ದರೆ ಲೆನ್ಸ್ ತೆಗೆದು ನೋಡಿ. ಕನ್ನಡಿ ಬಡಿಯುವ ಜಾಗದ ಸ್ಪಂಜು ಕರಗಿ ಗೋಂದಿನಂತಾಗಿ ಕನ್ನಡಿಯನ್ನು ಹಿಡಿದಿರಬಹುದು. ಕಡ್ಡಿಯ ತುದಿಯಿಂದ ಕನ್ನಡಿಯ ಅಂಚನ್ನು ಮಾತ್ರ ಬಿಡಿಸಿ. ಕನ್ನಡಿಯ ಮುಖಕ್ಕೆ ಬೆರಳು ತಾಗಬಾರದು. ಅದರ ಹೊಳೆಯುವ ಲೇಪ ಗಾಜಿನ ಮೇಲ್ಗಡೆಯೇ ಇರುತ್ತದೆ, ಒರೆಸಿದರೆ ಎದ್ದುಬರುತ್ತದೆ.

## ಲಿವರ್ ಮುಂದೆ ಹೋಗುವುದಿಲ್ಲ

ರೀಲು ಮುಗಿದಿದೆ, ಅಷ್ಟೇ ಇರಬಹುದು. 36ರ ರೀಲಿನಲ್ಲಿ ಅಂಕಿ 36-37ಕ್ಕೆ ಬಂದು ಲಿವರ್ ಬಿಗಿಯಾದರೆ ಎಳೆಯಬೇಡಿ. ಅಡಿಯ ಸಣ್ಣ ಬಟನ್ ಒತ್ತಿ ಹಿಂದಕ್ಕೆ ಸುತ್ತಿ. ಆ ಬಟನ್ ಒತ್ತದೆ ಸುತ್ತಿದರೆ ಅಂಚಿನ ತೂತುಗಳು ಹರಿಯುತ್ತವೆ.

ಮಧ್ಯದಲ್ಲೇ ಸಿಕ್ಕಿಕೊಂಡರೆ ಬಲ ಹಾಕಬೇಡಿ. ಕ್ಯಾನನ್ ಎಇ-1 ಆದರೆ ಸೆಲ್ ಸತ್ತಾಗಲೂ ಲಿವರ್ ನಿಲ್ಲುತ್ತದೆ, ಮೊದಲು ಅದನ್ನು ಬದಲಿಸಿ. ಆಮೇಲೂ ಬಾರದಿದ್ದರೆ ರಾತ್ರಿ ಹೊತ್ತು ಕಿಟಕಿಯಿಲ್ಲದ ಕೋಣೆಯಲ್ಲಿ, ದಪ್ಪ ಕಂಬಳಿಯ ಒಳಗೆ ಕೈಯಾಡಿಸಿ ಬಾಗಿಲು ತೆರೆದು, ರೀಲನ್ನು ಕೈಯಲ್ಲೇ ಡಬ್ಬಿಗೆ ಸುತ್ತಿ. ಖಾಲಿ ಕ್ಯಾಮೆರಾದಲ್ಲೂ ಲಿವರ್ ಸಿಕ್ಕಿಕೊಳ್ಳುತ್ತಿದ್ದರೆ ತಪ್ಪು ಒಳಗಿನ ಹಲ್ಲುಚಕ್ರದ್ದು. ಅದು ಮನೆಯ ಕೆಲಸ ಅಲ್ಲ.

## ರೀಲು ಪೂರ್ತಿ ಖಾಲಿ ಬಂತು

ಸ್ಟುಡಿಯೋದಿಂದ ನೆಗೆಟಿವ್ ಬಂದಾಗ ಚಿತ್ರವೇ ಇಲ್ಲ. ತಪ್ಪು ಕ್ಯಾಮೆರಾದ್ದೋ, ನಿಮ್ಮದೋ, ರಸಾಯನಿಕದಲ್ಲಿ ರೀಲು ತೊಳೆದವರದ್ದೋ? ಇದಕ್ಕೆ ಉತ್ತರ ನೆಗೆಟಿವಿನ ಅಂಚಿನಲ್ಲೇ ಬರೆದಿರುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಸ್ಕ್ಯಾನ್ ಮಾತ್ರ ಸಾಲದು, ನೆಗೆಟಿವನ್ನು ಕೇಳಿ ಪಡೆಯಿರಿ.

ತೂತುಗಳ ಪಕ್ಕ ಕಂಪನಿಯ ಹೆಸರು, ಸಣ್ಣ ಅಂಕಿಗಳು ಇರುತ್ತವೆ. ಅವನ್ನು ಫಿಲ್ಮ್ ತಯಾರಿಸುವಾಗಲೇ ಬೆಳಕಿನಿಂದ ಬರೆದಿರುತ್ತಾರೆ. ಅವು ಕಾಣಬೇಕಾದರೆ ರೀಲು ಸರಿಯಾಗಿ ತೊಳೆದಿರಬೇಕು. ಅಂಕಿ ಸ್ಪಷ್ಟವಾಗಿದ್ದು ಚಿತ್ರ ಮಾತ್ರ ಇಲ್ಲವೆಂದರೆ, ತೊಳೆದವರ ತಪ್ಪಲ್ಲ. ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಅಂಕಿಯೂ ಇಲ್ಲ, ಚಿತ್ರವೂ ಇಲ್ಲ ಎಂದರೆ ತೊಳೆಯುವ ರಸಾಯನಿಕದಲ್ಲೇ ಎಡವಟ್ಟು. ಇನ್ನು ರೀಲು ತುದಿಯಿಂದ ತುದಿಗೆ ಕಪ್ಪಾಗಿದ್ದರೆ ಎಲ್ಲೋ ಪೂರ್ತಿ ಬೆಳಕು ತಾಗಿದೆ.

ಬೆಳಕೇ ಬೀಳದ ರೀಲಿಗೆ ಸಾಮಾನ್ಯ ಕಾರಣ, ರೀಲು ಮುಂದೆ ಓಡದೇ ಇರುವುದು. ಅಕ್ಕನ ಮಗಳ ನಾಮಕರಣದ ದಿನ ನನಗೆ ಹೀಗಾಯಿತು. ತೊಟ್ಟಿಲು ಕಟ್ಟುವುದರಿಂದ ಹಿಡಿದು ಅಜ್ಜಿ ಕಿವಿಯಲ್ಲಿ ಹೆಸರು ಹೇಳುವವರೆಗೆ ಎಲ್ಲವನ್ನೂ ತೆಗೆದೆ. ಅಂಕಿ 36 ದಾಟಿ ಹೋದರೂ ಲಿವರ್ ಸಲೀಸಾಗಿ ಓಡುತ್ತಲೇ ಇತ್ತು. ಫಿಲ್ಮಿನ ನಾಲಿಗೆ ಬಲಗಡೆಯ ಕಂಬದ ಸೀಳಿನಿಂದ ಜಾರಿತ್ತು. ಒಂದೇ ಒಂದು ಚಿತ್ರವೂ ಇರಲಿಲ್ಲ. ಆ ಅಜ್ಜಿ ಮುಂದಿನ ವರ್ಷ ತೀರಿಹೋದರು. ಅಂದಿನಿಂದ ರೀಲು ಹಾಕಿದ ಮೇಲೆ ನಾನು ಒಂದು ಕೆಲಸ ತಪ್ಪಿಸುವುದಿಲ್ಲ. ಸುತ್ತುವ ಗುಬ್ಬಿಯನ್ನು ಮೆಲ್ಲ ತಿರುಗಿಸಿ ಸಡಿಲು ತೆಗೆಯುತ್ತೇನೆ, ಆಮೇಲೆ ಲಿವರ್ ಎಳೆಯುವಾಗ ಆ ಗುಬ್ಬಿ ಹಿಂದಕ್ಕೆ ತಿರುಗುತ್ತದೆಯೋ ನೋಡುತ್ತೇನೆ. ತಿರುಗಿದರೆ ರೀಲು ಓಡುತ್ತಿದೆ. ತಿರುಗದಿದ್ದರೆ ಕೂಡಲೇ ಮತ್ತೆ ಹಾಕಬೇಕು. ಮೊದಲ ಎರಡು ಮೂರು ಎಳೆತದಲ್ಲೇ ಇದು ಗೊತ್ತಾಗುತ್ತದೆ.

ರೀಲು ಓಡಿಯೂ ಖಾಲಿ ಬಂದಿದ್ದರೆ ಶಟರ್ ತೆರೆಯುತ್ತಿಲ್ಲ. ಅಥವಾ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಲೆನ್ಸ್ ಮುಚ್ಚಳ ತೆಗೆಯಲು ಮರೆತಿದೆ. ಅದರಲ್ಲಿ ನೋಡುವ ಕಿಟಕಿ ಬೇರೆ, ಲೆನ್ಸ್ ಬೇರೆ, ಹಾಗಾಗಿ ಮುಚ್ಚಳ ಇರುವುದು ಕಣ್ಣಿಗೆ ಕಾಣುವುದೇ ಇಲ್ಲ.

ಕ್ಲಿಕ್ 3ರಂಥ ಬಾಕ್ಸ್ ಕ್ಯಾಮೆರಾದ ಕಥೆ ಇದಕ್ಕೆ ಉಲ್ಟಾ. 120 ನಂಬರಿನ ಅಗಲ ರೀಲಿನಲ್ಲಿ 12 ಚೌಕ ಚಿತ್ರ. ಹಿಂದಿನ ಕೆಂಪು ಕಿಟಕಿಯಲ್ಲಿ ಅಂಕಿ ನೋಡಿ ಕೈಯಲ್ಲೇ ತಿರುಗಿಸಬೇಕು. ಮರೆತರೆ ಒಂದರ ಮೇಲೆ ಇನ್ನೊಂದು ಚಿತ್ರ ಬೀಳುತ್ತದೆ. ಕ್ಲಿಕ್ ಮಾಡಿದ ಕೂಡಲೇ ತಿರುಗಿಸಿಬಿಡುವ ಅಭ್ಯಾಸ ಒಳ್ಳೆಯದು.

## ಫೋಟೊದಲ್ಲಿ ಕೆಂಪು ಪಟ್ಟಿ, ಬಿಳಿ ಗೀಟು

ಎಲ್ಲಿಂದಲೋ ಬೆಳಕು ಸೋರುತ್ತಿದೆ. ಮತ್ತೆ ನೆಗೆಟಿವ್ ಹಿಡಿಯಿರಿ. ಕಪ್ಪು ಕಲೆ ಚಿತ್ರದ ಚೌಕಟ್ಟು ದಾಟಿ ತೂತುಗಳವರೆಗೆ ಹರಿದಿದ್ದರೆ ಸೋರಿಕೆ ಹಿಂಬಾಗಿಲಿನದು. ಚೌಕಟ್ಟಿನ ಒಳಗೇ ನಿಂತಿದ್ದರೆ ಬೆಳಕು ಮುಂದಿನಿಂದ, ಅಂದರೆ ಶಟರ್ ಪರದೆಯ ತೂತಿನಿಂದಲೋ ಲೆನ್ಸ್ ಕೂರುವ ಜಾಗದಿಂದಲೋ ಬಂದಿದೆ. ಬಣ್ಣದ ಫೋಟೊದಲ್ಲಿ ಪಟ್ಟಿ ಕೆಂಪು-ಕಿತ್ತಳೆಯಾಗಿದ್ದರೆ ಬಹುಮಟ್ಟಿಗೆ ಹಿಂಬಾಗಿಲೇ. ಫಿಲ್ಮಿನ ಬೆನ್ನ ಕಡೆಯಿಂದ ಬಂದ ಬೆಳಕು ಕೆಂಪು ಬಣ್ಣ ಹಿಡಿಯುವ ಪದರಕ್ಕೆ ಮೊದಲು ತಾಗುತ್ತದಲ್ಲ, ಅದಕ್ಕೆ.

ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ ಎನ್ನುವುದು ನೆನಪಿರಲಿ. ಫೋಟೊದ ಕೆಳಗಡೆ ಪಟ್ಟಿ ಇದ್ದರೆ ಕ್ಯಾಮೆರಾದ ಮೇಲಂಚು ನೋಡಬೇಕು. ಅಡ್ಡ ಹಿಡಿದು ತೆಗೆದ ಫೋಟೊದ ಎಡಗಡೆ ಇದ್ದರೆ ಬಾಗಿಲಿನ ಬಿಜಾಗರಿಯ ಕಡೆ.

ಅಗ್ಗದ ಪರೀಕ್ಷೆ ಎಂದರೆ ಒಂದು ರೀಲನ್ನು ಬಾಗಿಲಿನ ಸುತ್ತ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ತೆಗೆದು ನೋಡುವುದು. ಪಟ್ಟಿ ಹೋದರೆ ಕಾರಣ ಸಿಕ್ಕಿತು, ಬಾಗಿಲಿನ ಅಂಚಿನಲ್ಲಿ ಬೆಳಕು ತಡೆಯುವ ಸ್ಪಂಜು ಬದಲಿಸಿದರಾಯಿತು. ಬಾಕ್ಸ್ ಕ್ಯಾಮೆರಾದ ಕೆಂಪು ಕಿಟಕಿಗೂ ಟೇಪ್ ಬೇಕು. ಆ ಕಿಟಕಿ ಮಾಡಿದ್ದು ಕೆಂಪು ಬೆಳಕು ತಾಗದ ಹಳೆ ಫಿಲ್ಮಿಗೆ, ಇವತ್ತಿನ ಫಿಲ್ಮಿಗೆ ಕೆಂಪೂ ಬೆಳಕೇ.

ಸ್ಪಂಜು ಬದಲಿಸುವುದು ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ ಕೆಲಸ, ತಾಳ್ಮೆ ಇದ್ದರೆ ಸಾಕು. ಬಾಗಿಲು ತೆರೆದರೆ ಮೇಲಂಚು, ಕೆಳಂಚಿನಲ್ಲಿ ಸಣ್ಣ ಕಾಲುವೆಯಂಥ ಗೀರು ಕಾಣುತ್ತದೆ. ಅದರಲ್ಲಿದ್ದ ಸ್ಪಂಜು ಕರಗಿದ ಡಾಂಬರಿನ ಹಾಗೆ ಆಗಿರುತ್ತದೆ. ಮುಟ್ಟಿದರೆ ಬೆರಳಿಗೆ ಕಪ್ಪಾಗಿ ಅಂಟಿ, ಸೋಪಿಗೂ ಹೋಗುವುದಿಲ್ಲ. ನಾನು ಬಳಸುವುದು ಹಿಡಿಸೂಡಿ ಕಡ್ಡಿ. ತುದಿಯನ್ನು ಬ್ಲೇಡಿನಿಂದ ಉಳಿಯ ಹಾಗೆ ಚಪ್ಪಟೆ ಕೆತ್ತಿ. ಲೋಹಕ್ಕೆ ಗೀರು ಬೀಳುವುದಿಲ್ಲ, ಕಾಲುವೆಯ ಮೂಲೆಗೂ ಹೋಗುತ್ತದೆ. ಮೊದಲು ಶಟರಿನ ಮೇಲೆ, ಅದಕ್ಕೆ ತಾಗದ ಹಾಗೆ, ರಟ್ಟಿನ ತುಂಡೊಂದನ್ನು ಅಡ್ಡ ಇಡಿ. ಕ್ಯಾಮೆರಾವನ್ನು ಬೋರಲು ಹಿಡಿದು ಕೆರೆಯಿರಿ, ಕಸ ಕೆಳಗೆ ಬೀಳಲಿ. ದಪ್ಪ ಕಸ ಹೋದ ಮೇಲೆ ಆಲ್ಕೋಹಾಲ್ ತಾಗಿಸಿದ ಬಡ್ಸಿನಿಂದ ಒರೆಸಿ. ಐದಾರು ಬಡ್ಸ್ ಕಪ್ಪಾಗುತ್ತವೆ. ಏಳನೆಯದು ಬೂದಿಬಣ್ಣಕ್ಕೆ ಬಂದರೆ ಸಾಕು. ಪೂರ್ತಿ ಒಣಗಿದ ಮೇಲೆ ಕಪ್ಪು ಉಲ್ಲನ್ ನೂಲನ್ನು ಕಾಲುವೆಯೊಳಗೆ ಕಡ್ಡಿಯಿಂದ ಒತ್ತುತ್ತಾ ಕೂರಿಸಿ. ಗೋಂದು ಬೇಡ. ಬಿಜಾಗರಿಯ ಬದಿಗೆ ಕಪ್ಪು ವೆಲ್ವೆಟ್ಟಿನ ತೆಳು ಪಟ್ಟಿ. ಬಾಗಿಲು ಮೊದಲಿನ ಹಾಗೇ ಸಲೀಸಾಗಿ ಮುಚ್ಚಬೇಕು. ಒತ್ತಿ ಮುಚ್ಚಬೇಕಾದರೆ ನೂಲು ದಪ್ಪವಾಯಿತು.

ಆಲ್ಕೋಹಾಲ್ ಬಳಸುವಾಗ ಹತ್ತಿರದಲ್ಲಿ ದೀಪ, ಗ್ಯಾಸ್ ಒಲೆ ಇರಬಾರದು. ಕಿಟಕಿ ತೆರೆದಿರಲಿ.

ಬಟ್ಟೆಯ ಶಟರ್ ಪರದೆಯಲ್ಲಿ ತೂತಿದೆಯೇ ನೋಡಲು ಕತ್ತಲೆ ಕೋಣೆಯಲ್ಲಿ ಲೆನ್ಸ್ ತೆಗೆದು, ಹಿಂಬದಿಯಿಂದ ಟಾರ್ಚ್ ಬಿಡಿ. ಎಸ್‌ಎಲ್‌ಆರ್ ಆದರೆ ಕನ್ನಡಿ ಅಡ್ಡ ಬರುತ್ತದೆ, ಅಂಚಿನಿಂದ ಇಣುಕಬೇಕು. ನಕ್ಷತ್ರದಂಥ ಚುಕ್ಕಿ ಕಂಡರೆ ಅದೇ ತೂತು. ಜ಼ೋರ್ಕಿ, ಫೆಡ್‌ಗಳಂಥ ಕ್ಯಾಮೆರಾಗಳನ್ನು ಮುಚ್ಚಳವಿಲ್ಲದೆ ಬಿಸಿಲಿಗೆ ಮುಖ ಮಾಡಿ ಇಟ್ಟರೆ ಲೆನ್ಸೇ ಭೂತಗನ್ನಡಿಯಾಗಿ ಪರದೆಯನ್ನು ಸುಡುತ್ತದೆ. ಪಣಂಬೂರಿನ ಮರಳಿನಲ್ಲಿ ಕುಳಿತಾಗ ಮುಚ್ಚಳ ಹಾಕಿಡಿ.

## ಫೋಟೊ ಮಬ್ಬು, ಮಂಜು ಕವಿದ ಹಾಗೆ

ನಮ್ಮೂರಿನ ದೊಡ್ಡ ಕಾಯಿಲೆ ಇದು. ಆದರೆ ಮಬ್ಬೆಲ್ಲ ಫಂಗಸ್ (ಗಾಜಿನ ಮೇಲೆ ಬೆಳೆಯುವ ಬೂಷ್ಟು) ಅಲ್ಲ.

ಎಸಿ ಕೋಣೆಯಿಂದಲೋ ಕಾರಿನಿಂದಲೋ ಹೊರಗೆ ಬಂದ ಕೂಡಲೇ ಲೆನ್ಸ್ ಮಂಜಾದರೆ ಅದು ಬರೀ ನೀರಾವಿ. ಒರೆಸಬೇಡಿ. ಅರ್ಧ ಗಂಟೆ ಬಿಡಿ, ತಾನೇ ಹೋಗುತ್ತದೆ. ಮುಂದಿನ ಸಲ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ ಹೊರಗೆ ತನ್ನಿ, ಬೆಚ್ಚಗಾದ ಮೇಲೆ ತೆಗೆಯಿರಿ. ಫ್ರಿಜ್‌ನಿಂದ ತೆಗೆದ ರೀಲಿಗೂ ಇದೇ ಮಾತು, ಡಬ್ಬಿ ತೆರೆಯುವ ಮೊದಲು ಒಂದೆರಡು ಗಂಟೆ ಹೊರಗಿರಲಿ.

ಹೋಗದ ಮಬ್ಬಾದರೆ ಟಾರ್ಚ್ ತನ್ನಿ. ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಹಾಯುವ ತೂತನ್ನು, ಪೂರ್ತಿ ತೆರೆದು, ಹಿಂಬದಿಯಿಂದ ಬೆಳಕು ಬಿಟ್ಟು, ಸ್ವಲ್ಪ ಓರೆಯಾಗಿ ನೋಡಿ. ಬಿಡಿಬಿಡಿ ಚುಕ್ಕಿಗಳು ಧೂಳು. ಫೋಟೊಗೆ ಅದರಿಂದ ಏನೂ ಆಗುವುದಿಲ್ಲ, ಸುಮ್ನೆ ಬಿಡಿ. ಒಂದೇ ಸಮ ಹೊಗೆ ಕವಿದಂತಿದ್ದರೆ ಗ್ರೀಸಿನ ಆವಿ ಗಾಜಿಗೆ ಕೂತಿದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವೋ ಗುಳ್ಳೆಯೋ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ. ಅದು ನಿಧಾನಕ್ಕೆ ಬೆಳೆಯುತ್ತದೆ, ಅದಕ್ಕೆ ಮನೆಮದ್ದಿಲ್ಲ. ಒಂದು ಬಿಂದುವಿನಿಂದ ಕವಲೊಡೆದ ಎಳೆಗಳು, ಜೇಡರ ಬಲೆಯಂತೆ, ಬಸಳೆ ಬೇರಿನಂತೆ ಹರಡಿದ್ದರೆ ಅದು ಫಂಗಸ್.

ನನ್ನ ಅಪ್ಪನ ಲೆನ್ಸಿನಲ್ಲಿ ಮೊದಲ ಸಲ ಅದನ್ನು ನೋಡಿದ್ದು ಆಟಿ ತಿಂಗಳಲ್ಲಿ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಟಾರ್ಚಿನ ಬೆಳಕಿನಲ್ಲಿ ಬಿಳಿ ಎಳೆಗಳು ಎಷ್ಟು ನಾಜೂಕಾಗಿ ಹೊಳೆಯುತ್ತಿದ್ದವೆಂದರೆ ಒಂದು ಕ್ಷಣ ಚಂದ ಎನಿಸಿತು. ಆಮೇಲೆ ಹೊಟ್ಟೆ ತಣ್ಣಗಾಯಿತು. ಅಂಚಿನಲ್ಲಿ ಶುರುವಾಗಿ ನಡುವಿಗೆ ಹೊರಟಿತ್ತು.

ಎರಡು ಮೂರು ಎಳೆ ಅಂಚಿನಲ್ಲಿದ್ದರೆ ಫೋಟೊದಲ್ಲಿ ಕಾಣುವುದೇ ಇಲ್ಲ. ಜಾಸ್ತಿಯಾದರೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರದಲ್ಲಿ ಕಪ್ಪು ಭಾಗ ಬೂದಿಬಣ್ಣವಾಗುತ್ತದೆ. ಮಲ್ಪೆಯ ಸೂರ್ಯಾಸ್ತದ ಚಿತ್ರ ಮಂಕಾಗಿ ಬಂದರೆ ಅನುಮಾನ ಪಡಿ. ಹಿಂದಿನ ಗಾಜಿನ ಫಂಗಸ್ ಮುಂದಿನದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ.

ಹೊರಮೈಯಲ್ಲಿದ್ದರೆ ನೀವೇ ತೆಗೆಯಬಹುದು. ಮೊದಲು ಬ್ಲೋವರಿನಿಂದ ಧೂಳು ಊದಿ, ಆಮೇಲೆ ಲೆನ್ಸ್ ಕಾಗದಕ್ಕೆ ಒಂದೆರಡು ಹನಿ ಐಸೋಪ್ರೊಪೈಲ್ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ದ್ರವವನ್ನು ನೇರ ಗಾಜಿಗೆ ಸುರಿಯಬೇಡಿ, ಅಂಚಿನಿಂದ ಒಳಗಿಳಿಯುತ್ತದೆ. ಅಂಗಿ, ಲುಂಗಿಯ ತುದಿಯಿಂದಂತೂ ಒರೆಸಲೇಬೇಡಿ. ಬಟ್ಟೆಯಲ್ಲಿ ಮರಳಿನ ಒಂದು ಕಣ ಇದ್ದರೂ ಲೇಪಕ್ಕೆ ಗೀರು. ಒಳಗಿದ್ದರೆ ರಿಪೇರಿಯವರಿಗೆ ಕೊಡಿ. ಗಾಜುಗಳ ಕ್ರಮ ಒಂದು ತಪ್ಪಿದರೂ ಲೆನ್ಸ್ ಮತ್ತೆ ಸರಿಯಾಗಿ ಫೋಕಸ್ ಆಗುವುದಿಲ್ಲ. ಫಂಗಸ್ ಬಿಡುವ ಆಮ್ಲ ಗಾಜನ್ನೇ ಕೊರೆದಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆ, ಅದನ್ನು ಯಾರೂ ತೆಗೆಯಲಾರರು. ಆದ್ದರಿಂದ ಖರ್ಚು ಮಾಡುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.

1960-70ರ ಕೆಲವು ಲೆನ್ಸುಗಳು, ಪೆಂಟ್ಯಾಕ್ಸಿನ ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4 ಅದರಲ್ಲೊಂದು, ಚಹಾದ ಬಣ್ಣಕ್ಕೆ ತಿರುಗಿರುತ್ತವೆ. ಇದು ಫಂಗಸ್ ಅಲ್ಲ. ಗಾಜಿನಲ್ಲಿ ಥೋರಿಯಂ ಎಂಬ ವಿಕಿರಣಶೀಲ ಧಾತು ಸೇರಿಸಿರುವುದರಿಂದ ಹೀಗೆ. ಬಾಡಿಯಿಂದ ತೆಗೆದು, ಹಿಂದೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಹಲವು ದಿನ ಬಿಸಿಲಿಗಿಟ್ಟರೆ ಹಳದಿ ಇಳಿಯುತ್ತದೆ. ಫಾಯಿಲ್ ಮರೆಯಬಾರದು, ಲೆನ್ಸ್ ಹಾದ ಬಿಸಿಲಿಗೆ ಕಿಟಕಿಯ ಪರದೆಗೆ ಬೆಂಕಿ ಹತ್ತಬಹುದು. ಅಂಥ ಗಾಜನ್ನು ಬಳಸುವುದರಲ್ಲಿ ಭಯವಿಲ್ಲ, ಆದರೆ ಒಡೆದರೆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಫಂಗಸ್ ಬಾರದ ಹಾಗೆ ಇಡುವುದು ಹೇಗೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯ ತೇವ ಶೇ. 80ರ ಮೇಲೇ ಇರುತ್ತದೆ. ಲೆನ್ಸಿಗೆ ಬೇಕಾದದ್ದು 40ರಿಂದ 50. ಮೊದಲು ಚರ್ಮದ ಕವಚದಿಂದ ಕ್ಯಾಮೆರಾ ಹೊರಗೆ ತೆಗೆಯಿರಿ. ಚರ್ಮ ತೇವ ಹೀರಿ ಹಿಡಿದಿಡುತ್ತದೆ, ಬೂಷ್ಟು ಅಲ್ಲಿಂದಲೇ ಶುರು. ಸೀರೆಯ ಕಪಾಟೂ ಬೇಡ, ಡಾಂಬರು ಗುಳಿಗೆಯ ಆವಿ ಲೆನ್ಸಿಗೆ ಒಳ್ಳೆಯದಲ್ಲ. ಕುಚ್ಚಲಕ್ಕಿಯ ಡಬ್ಬದಲ್ಲಿ ಹುಗಿದಿಡುವ ಉಪಾಯವನ್ನು ಹಲವರು ಹೇಳುತ್ತಾರೆ. ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಹೋಗುತ್ತದೆ ಹೊರತು ತೇವ ಇಳಿಯುವುದು ಅಷ್ಟಕ್ಕಷ್ಟೇ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ, ಇಷ್ಟು ಸಾಕು. ಕಿತ್ತಳೆ ಹರಳು ಹಸಿರಾದಾಗ, ನೀಲಿಯದು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಬೇಕು. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಬಾಣಲೆಯಲ್ಲಿ ಎಂದೂ ಹುರಿಯಬೇಡಿ. ಕಿತ್ತಳೆಯದನ್ನೇ ಕೊಳ್ಳಿ, ಅದಕ್ಕೂ ಬೇರೆ ಪಾತ್ರೆ ಇಡಿ.

## ಫೋಟೊದ ಒಂದು ಬದಿ ಮಾತ್ರ ಕಪ್ಪು

ಫ್ಲಾಶ್ ಹಾಕಿ ತೆಗೆದದ್ದಾದರೆ ಶಟರ್ ವೇಗ ಜಾಸ್ತಿ ಇಟ್ಟಿದ್ದೀರಿ. ಕೆ1000, ಎಇ-1ಗಳಿಗೆ 1/60, ಜ಼ೆನಿತ್-ಇಗೆ 1/30 ಮಿತಿ. ಫ್ಲಾಶಿನ ವಯರನ್ನು ಎಕ್ಸ್ ಎಂದು ಬರೆದ ತೂತಿಗೆ ಹಾಕಿ. ಎಂ ಎಂದಿರುವುದು ಹಿಂದಿನ ಬಲ್ಬ್ ಫ್ಲಾಶಿಗೆ.

ಫ್ಲಾಶ್ ಇಲ್ಲದೆ, 1/500, 1/1000ರಲ್ಲಿ ಮಾತ್ರ ಹೀಗಾದರೆ ಶಟರಿನ ಎರಡು ಪರದೆಗಳಲ್ಲಿ ಎರಡನೆಯದು ಮೊದಲನೆಯದನ್ನು ಓಡಿ ಹಿಡಿಯುತ್ತಿದೆ. ರೀಲಿಲ್ಲದೆ ಐವತ್ತು ಅರವತ್ತು ಸಲ ಕ್ಲಿಕ್ ಮಾಡಿ ನೋಡಿ, ಕೂತು ಜಡವಾದದ್ದು ಕೆಲವೊಮ್ಮೆ ಸಡಿಲವಾಗುತ್ತದೆ. ಆಗದಿದ್ದರೆ 1/250ಕ್ಕಿಂತ ಕೆಳಗೆ ಬಳಸಿ, ಅಥವಾ ಸರ್ವೀಸಿಗೆ ಕೊಡಿ.

ಒಂದು ಎಚ್ಚರಿಕೆ. ಫ್ಲಾಶನ್ನಾಗಲಿ, ಫ್ಲಾಶ್ ಒಳಗೇ ಇರುವ ಸಣ್ಣ ಪ್ಲಾಸ್ಟಿಕ್ ಕ್ಯಾಮೆರಾವನ್ನಾಗಲಿ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿರುತ್ತದೆ, ಸೆಲ್ ತೆಗೆದ ಎಷ್ಟೋ ಹೊತ್ತಿನ ಮೇಲೂ.

## ಎಲ್ಲವೂ ಕತ್ತಲೆ, ಅಥವಾ ಎಲ್ಲವೂ ಬಿಳಿಚಿಕೊಂಡಿದೆ

ಕತ್ತಲೆಯಾದರೆ ಮೀಟರನ್ನು ಅನುಮಾನಿಸಿ. ಹಳೆ ಪಾದರಸದ ಸೆಲ್ 1.35 ವೋಲ್ಟಿನದು. ಅದರ ಜಾಗಕ್ಕೆ ಈಗಿನ 1.5 ವೋಲ್ಟಿನದನ್ನು ಹಾಕಿದರೆ ಹಲವು ಮೀಟರುಗಳು ಇರುವುದಕ್ಕಿಂತ ಜಾಸ್ತಿ ಬೆಳಕು ತೋರಿಸುತ್ತವೆ. ಶ್ರವಣ ಸಾಧನದ ಅಂಗಡಿಯಲ್ಲಿ ಸಿಗುವ 675 ನಂಬರಿನ ಸೆಲ್ 1.4 ವೋಲ್ಟ್ ಕೊಡುತ್ತದೆ. ಅದು ಚಿಕ್ಕದು, ಸುತ್ತ ರಬ್ಬರ್ ರಿಂಗ್ ಹಾಕಿ ಕೂರಿಸಬೇಕು. ಸ್ಟಿಕ್ಕರ್ ತೆಗೆದ ಮೇಲೆ ಕೆಲವು ವಾರ, ಹೆಚ್ಚೆಂದರೆ ಒಂದೆರಡು ತಿಂಗಳು ಬಾಳುತ್ತದೆ.

ಜ಼ೆನಿತ್-ಇಯ ಜೇನುಗೂಡಿನಂಥ ಕಿಟಕಿಯ ಮೀಟರಿಗೆ ಸೆಲ್ಲೇ ಬೇಡ, ಅದು ಸೆಲೆನಿಯಂನದು. ಆಕಾಶದ ಕಡೆ ಹಿಡಿದಾಗಲೂ ಮುಳ್ಳು ಅಲ್ಲಾಡದಿದ್ದರೆ ಅದರ ಆಯಸ್ಸು ಮುಗಿಯಿತು. ಆದರೆ ಕ್ಯಾಮೆರಾ ಮುಗಿಯಲಿಲ್ಲ. ಒಳ್ಳೆಯ ಬಿಸಿಲಿಗೆ ಅಪರ್ಚರ್ ಎಫ್ 16, ಶಟರ್ ವೇಗ ರೀಲಿನ ಬೆಳಕು ಹಿಡಿಯುವ ಶಕ್ತಿ ಹೇಳುವ ಐಎಸ್‌ಒ ಅಂಕಿಗೆ ಹತ್ತಿರದ್ದು. 100ರ ರೀಲಿಗೆ 1/125. ಮೋಡವಿದ್ದರೆ ಎಫ್ 8. ಕಡಲ ಮರಳಿನಲ್ಲಿ ಎಫ್ 22. ಇದನ್ನು ಕಾಗದದಲ್ಲಿ ಬರೆದು ಬೆನ್ನಿಗೆ ಅಂಟಿಸಿ, ಸಾಕು.

ಬಿಳಿಚಿಕೊಂಡಿದ್ದರೆ ಶಟರ್ ನಿಧಾನವಾಗಿದೆ, ಇಲ್ಲವೇ ಅಪರ್ಚರ್ ಎಲೆಗಳಿಗೆ ಎಣ್ಣೆ ಬಂದು ಸಮಯಕ್ಕೆ ಮುಚ್ಚುತ್ತಿಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ ಇದನ್ನು ಅಳೆಯಬಹುದು. ಬಾಗಿಲು ತೆರೆದು, ಬೆಳಕಿನ ಮುಂದೆ ಹಿಡಿದು, ಸೆಕೆಂಡಿಗೆ 240 ಫ್ರೇಮಿನ ವೀಡಿಯೊ ಮಾಡಿ. 1/30ಕ್ಕೆ ಸುಮಾರು 8 ಫ್ರೇಮ್, 1/4ಕ್ಕೆ 60 ಫ್ರೇಮ್ ಬೆಳಕು ಕಾಣಬೇಕು. 8ರ ಬದಲು 16 ಬಂದರೆ ಎರಡು ಪಟ್ಟು ನಿಧಾನ. ಯಾವ ವೇಗಕ್ಕೆ ಎಷ್ಟು ಬಂತೆಂದು ಬರೆದಿಡಿ, ಸರ್ವೀಸಿನವರಿಗೆ ಅದು ತುಂಬಾ ಉಪಯೋಗ.

ಚಿತ್ರ ಬಿದ್ದಿದ್ದೂ ಬೂದುಬೂದಾಗಿದ್ದರೆ ರೀಲೇ ಹಳತಾಗಿರಬಹುದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ರೀಲು ಹಳೆ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಖುಷಿಗೆ ಹಾಕಿ ನೋಡಿ, ಮದುವೆಗೆ ಬೇಡ.

## ಕಡಲ ನೀರಿಗೆ ಬಿತ್ತು

ಸೆಲ್ ತೆಗೆಯಿರಿ. ಲಿವರ್ ಎಳೆಯಬೇಡಿ, ಬಟನ್ ಒತ್ತಬೇಡಿ. ಉಪ್ಪು ಒಣಗಲು ಬಿಟ್ಟರೆ ಅದೇ ದಿನದಿಂದ ಲೋಹ ತಿನ್ನಲು ಶುರು. ಪೂರ್ತಿ ಮುಳುಗಿದ್ದರೆ ಸಿಹಿನೀರಿನಲ್ಲಿ ಅದ್ದಿ ಉಪ್ಪು ಬಿಡಿಸಿ, ಕೂಡಲೇ ರಿಪೇರಿಯವರ ಹತ್ತಿರ ಓಡಿ. ಸೆಲ್ಲಿನಿಂದ ನಡೆಯುವ ಕ್ಯಾಮೆರಾ ಉಳಿಯುವ ಆಸೆ ಕಡಿಮೆ. ಸ್ಪ್ರಿಂಗಿನದು ಉಳಿಯಬಹುದು. ಒಳಗಿನ ರೀಲನ್ನು ಒಣಗಿಸಬೇಡಿ, ಸುರುಳಿ ಅಂಟಿಕೊಳ್ಳುತ್ತದೆ. ಸಿಹಿನೀರು ತುಂಬಿದ, ಬೆಳಕು ಹೋಗದ ಡಬ್ಬಿಯಲ್ಲಿಟ್ಟು ಅಂದೇ ತೊಳೆಯಲು ಕೊಡಿ.

## ರಿಪೇರಿಗೆ ಕೊಡುವಾಗ

ಸ್ಕ್ರೂ ಒಂದೇ ಸಲಕ್ಕೆ ಬಾರದಿದ್ದರೆ ಅಲ್ಲಿಗೆ ಕೈ ತೆಗೆಯಿರಿ. ಜಪಾನಿ ಕ್ಯಾಮೆರಾಗಳ ಸ್ಕ್ರೂ ಜೆಐಎಸ್ ಮಾದರಿಯದು, ಅಂಗಡಿಯ ಸಾಮಾನ್ಯ ಸ್ಟಾರ್ ಡ್ರೈವರ್ ಅದರ ತಲೆಯನ್ನು ತಿಂದುಹಾಕುತ್ತದೆ. ತಲೆ ಹೋದ ಸ್ಕ್ರೂ ಇದ್ದರೆ ಕೆಲಸ ದುಪ್ಪಟ್ಟು.

ಶಟರ್ ಬಿಚ್ಚಬಲ್ಲ ಕೈಗಳು ಈಗ ಊರಿನಲ್ಲಿ ಅಪರೂಪ. ಹಳೆ ಸ್ಟುಡಿಯೋದ ಹಿರಿಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಕೊಡುವಾಗ ರಿಪೇರಿ ಮಾಡಿ ಕೊಡಿ ಅಂತ ಮಾತ್ರ ಹೇಳಬೇಡಿ. ಯಾವ ವೇಗದಲ್ಲಿ ಏನಾಗುತ್ತದೆ, ಎಷ್ಟು ಕಾಲ ಕೂತಿತ್ತು, ನೀವು ಏನೇನು ಮುಟ್ಟಿದ್ದೀರಿ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ತಪ್ಪು ಕಾಣುವ ನೆಗೆಟಿವಿನ ಒಂದು ತುಂಡನ್ನು ಜೊತೆಗಿಡಿ. ಖರ್ಚಿನ ಅಂದಾಜನ್ನು ಮೊದಲೇ ಕೇಳಿ.

ವಾಪಸ್ ಬಂದ ಮೇಲೆ ಮೊದಲ ರೀಲನ್ನು ಯಾವ ಸಮಾರಂಭಕ್ಕೂ ಒಯ್ಯಬೇಡಿ. ಅಂಗಳದಲ್ಲೇ, ಒಂದೇ ಬೆಳಕಿನಲ್ಲಿ, ಒಂದೊಂದು ವೇಗಕ್ಕೆ ಒಂದೊಂದು ಚಿತ್ರ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಆ ವೇಗವನ್ನು ಸ್ಲೇಟಿನಲ್ಲಿ ಬರೆದು ಮನೆಯವರ ಕೈಯಲ್ಲಿ ಹಿಡಿಸಿ. ಆಮೇಲೆ ತಿಂಗಳಿಗೊಮ್ಮೆ ಡಬ್ಬದಿಂದ ತೆಗೆದು, ಒಂದು ಸೆಕೆಂಡಿನಿಂದ ಶುರು ಮಾಡಿ ಎಲ್ಲ ವೇಗದಲ್ಲೂ ನಾಲ್ಕು ನಾಲ್ಕು ಕ್ಲಿಕ್ ಮಾಡಿ. ಒಳಗಿಡುವಾಗ ಶಟರ್ ಬಿಗಿಯಾಗಿ ಇರದಂತೆ ಕೊನೆಯ ಕ್ಲಿಕ್ ಮಾಡಿಯೇ ಇಡಿ.